ಒತ್ತಿಗೆ ಮೊದಲು ಜಾಗ

ಸಿದ್ದಾಪುರದ ಕಡೆಯ ಒಂದು ಮನೆಯವರಿಗೆ ತೊಡದೇವು ಎಂಬ ಸಿಹಿತಿಂಡಿಯ ಪೊಟ್ಟಣದ ಲೇಬಲ್ ಮಾಡಿಕೊಟ್ಟಿದ್ದೆ. ಬಿಳಿಯ ಮೇಲೆ ಕಾವಿ ಬಣ್ಣದಲ್ಲಿ ದಪ್ಪ ಅಕ್ಷರದ ಹೆಸರು, ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ತೂಕ ಮತ್ತು ಬೆಲೆ. ಎಲ್ಲರಿಗೂ ಹಿಡಿಸಿತು. ಎರಡು ತಿಂಗಳ ನಂತರ ಅಪ್ಪೆಮಿಡಿ ಉಪ್ಪಿನಕಾಯಿಗೂ ಹಲಸಿನ ಹಪ್ಪಳಕ್ಕೂ ಅಂಥದೇ ಲೇಬಲ್ ಬೇಕೆಂದರು. ಹೆಸರು ಬದಲಿಸಿದರೆ ಆಯಿತು ಎಂದುಕೊಂಡು ಕೂತೆ.

ಆಗಲಿಲ್ಲ. ‘ಅಪ್ಪೆಮಿಡಿ’ಯ ಒತ್ತು ಗೆರೆಯನ್ನು ಸೀಳಿಕೊಂಡು ಕೆಳಗಿಳಿಯಿತು. ‘ಉಪ್ಪಿನಕಾಯಿ’ಯ ಒತ್ತು ತೂಕದ ಸಾಲಿನ ನೆತ್ತಿಯ ಮೇಲೆ ಕೂತಿತು. ಅಕ್ಷರ ಕಿರಿದು ಮಾಡಿ ಹೇಗೋ ಹೊಂದಿಸಿ ಕಳಿಸಿದೆ. ಮೂರು ಪೊಟ್ಟಣಗಳನ್ನು ಪಕ್ಕದಲ್ಲಿಟ್ಟು ನೋಡಿದ ಮನೆಯ ಅಕ್ಕ, “ತಮಾ, ಇದು ಮೂರು ಬೇರೆ ಬೇರೆ ಮನೆಯದರ ಹಾಗೆ ಕಾಣುತ್ತದಲ್ಲ” ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ‘ತೊಡದೇವು’ ಎಂಬ ಪದದಲ್ಲಿ ಒಂದೂ ಒತ್ತಕ್ಷರವಿಲ್ಲ. ನನ್ನ ಇಡೀ ವಿನ್ಯಾಸ ಆ ಒಂದು ಪದದ ಅನುಕೂಲದ ಮೇಲೆ ನಿಂತಿತ್ತು.

ನಾನು ಈ ಕೆಲಸವನ್ನು ಕಲಿತದ್ದು ಇಂಗ್ಲಿಷ್ ಪಾಠಗಳಿಂದ. ಸಾಲಿನ ನಡುವೆ ಎಷ್ಟು ಬಿಡಬೇಕು, ಶೀರ್ಷಿಕೆ ಎಷ್ಟು ಬಿಗಿಯಾಗಿರಬೇಕು ಎಂಬ ಲೆಕ್ಕಗಳೆಲ್ಲ ಆ ಲಿಪಿಗೆ ಹುಟ್ಟಿದವು. ಅಲ್ಲಿ ಸಾಲಿನಿಂದ ಕೆಳಗಿಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಇಡೀ ಅಕ್ಷರವೇ ಇಳಿಯುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಎರಡೆರಡು.

ಇದಕ್ಕೆ ದಾರಿ ತೋರಿಸಿದವರು ತದಡಿ ಬಂದರಿನ ಒಬ್ಬ ಪೇಂಟರ್. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಬಿಡುವು ಮುಗಿಯುವ ಹೊತ್ತಿಗೆ ದೋಣಿಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವ ಕೆಲಸ ಜೋರಾಗಿರುತ್ತದೆ. ಬೇರೆ ಕೆಲಸಕ್ಕೆಂದು ದೇವಿಮನೆ ಘಟ್ಟ ಇಳಿದು ಹೋದವನು ತಾಡಪತ್ರಿಯ ಅಡಿಯಲ್ಲಿ ಅವರು ಬರೆಯುವುದನ್ನು ನೋಡುತ್ತ ಒಂದು ತಾಸು ನಿಂತುಬಿಟ್ಟೆ. ಬರೆಯಬೇಕಾದ ಹೆಸರು ‘ಧನಲಕ್ಷ್ಮೀ’. ಸುಣ್ಣದ ಪುಡಿ ಹಚ್ಚಿದ ದಾರವನ್ನು ಹಲಗೆಯ ಮೇಲೆ ಎಳೆದು ಮೀಟಿ ಗೆರೆ ಮೂಡಿಸಿದರು: ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಅದಕ್ಕೂ ಕೆಳಗೆ ಮೂರನೆಯದು. ಆಮೇಲೆ ಬ್ರಷ್ ಹಿಡಿದವರು ಮೊದಲು ಮುಟ್ಟಿದ್ದು ಧ ಅಕ್ಷರವನ್ನಲ್ಲ. ‘ಕ್ಷ್ಮೀ’ ಎಲ್ಲಿ ಬರುತ್ತದೆಂದು ಅಳೆದು, ಮ ಒತ್ತು ಕೂರುವ ಕಡೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತಿಟ್ಟರು. ಏಕೆಂದು ಕೇಳಿದೆ. “ಒತ್ತಿಗೆ ಮೊದಲು ಜಾಗ ಇಡಬೇಕು ತಮ್ಮಾ, ಮೇಲಿನದು ಹೇಗಾದರೂ ಕೂರುತ್ತದೆ” ಎಂದರು. ಬರೆಯುವಾಗ ಆ ಒತ್ತನ್ನು ತುಸು ಬಲಕ್ಕೆ ಸರಿಸಿ, ದೀರ್ಘವನ್ನು ಅದಕ್ಕೆ ತಾಗದಂತೆ ಮೇಲೆಯೇ ನಿಲ್ಲಿಸಿದರು. ದಂಡೆಯಿಂದ ನೂರು ಹೆಜ್ಜೆ ದೂರ ಹೋಗಿ ತಿರುಗಿ ನೋಡಿದೆ. ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಅಂದಿನಿಂದ ನಾನು ಯಾವ ಕೆಲಸವನ್ನೂ ಸುಲಭದ ಪದದಿಂದ ಶುರು ಮಾಡುವುದಿಲ್ಲ. ಗಿರಾಕಿಯ ಬಳಿ ಈಗಿರುವ, ಮುಂದೆ ಬರಬಹುದಾದ ಹೆಸರುಗಳನ್ನೆಲ್ಲ ಬರೆಸಿಕೊಳ್ಳುತ್ತೇನೆ. ಅವುಗಳಲ್ಲಿ ಅತಿ ಉದ್ದದ್ದು ಮತ್ತು ಅತಿ ಹೆಚ್ಚು ಒತ್ತು ಇರುವುದು, ಈ ಎರಡನ್ನು ಮೊದಲು ಕೂರಿಸುತ್ತೇನೆ. ಹೆಸರಿನ ಬುಡದಿಂದ ಕೆಳಗಿನ ಗೆರೆಗೆ ಇರುವ ಅಂತರವನ್ನು ‘ಕ್ಷ್ಮೀ’ ಇಟ್ಟು ಅಳೆಯುತ್ತೇನೆ. ವೆಬ್ ಪುಟಗಳ ಓದುವ ಪಠ್ಯಕ್ಕೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7ರಷ್ಟು ಇಡುತ್ತೇನೆ, ಇಂಗ್ಲಿಷಿಗೆ 1.5 ಸಾಕಾಗುತ್ತದೆ. ಬಟನ್‌ಗಳಿಗೆ ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿಹಾಕುವುದನ್ನು ಬಿಟ್ಟಿದ್ದೇನೆ. ಒಂದು ಹೋಮ್‌ಸ್ಟೇ ಪುಟದಲ್ಲಿ ‘ಕಾಯ್ದಿರಿಸಿ’ ಎಂಬ ಬಟನ್ನಿನ ದ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಈಗ ಅಕ್ಷರದ ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ ಕೊಟ್ಟು, ಎತ್ತರ ತಾನಾಗಿ ಬೆಳೆಯಲು ಬಿಡುತ್ತೇನೆ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರಗಳಿಲ್ಲ. ಓರೆ ಅಕ್ಷರವೂ ನಮ್ಮ ಲಿಪಿಯ ಸ್ವಭಾವದ್ದಲ್ಲ. ಸಾಫ್ಟ್‌ವೇರ್ ಬಲವಂತವಾಗಿ ಓರೆ ಮಾಡಿದಾಗ ಗುಂಡು ಅಕ್ಷರಗಳು ಉರುಳಿ ಬೀಳುವಂತೆ ಕಾಣುತ್ತವೆ. ಹಾಗಾಗಿ ಒತ್ತಿ ಹೇಳಲು ಉಳಿಯುವುದು ಗಾತ್ರ, ದಪ್ಪ, ಬಣ್ಣ ಈ ಮೂರೇ. ದಪ್ಪವೂ ನಿಜವಾದ ದಪ್ಪವಾಗಿರಬೇಕು. ಫಾಂಟಿನಲ್ಲಿ ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಆಗ ಅ ಮತ್ತು ಣ ಅಕ್ಷರಗಳ ಹೊಟ್ಟೆ ತುಂಬಿ ಕಪ್ಪಾಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮಾ 2 ಈ ಮೂರರಲ್ಲೂ ಬೇರೆ ಬೇರೆ ದಪ್ಪಗಳಿವೆ. ಲೇಬಲ್‌ಗಳಿಗೆ ನನಗೆ ಅನೇಕ್ ಬಹಳ ಇಷ್ಟ. ಅದರಲ್ಲಿ ಅಕ್ಷರದ ಅಗಲವನ್ನೂ ಬದಲಿಸಬಹುದು. ಉದ್ದದ ಹೆಸರನ್ನು ಹಿಂಡಿ ವಿಕಾರ ಮಾಡದೆ ಕಿರಿದಾಗಿಸಬಹುದು.

ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ತಪ್ಪು ಫಾಂಟಿನದೇ ಆಗಿರಬೇಕೆಂದಿಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇರುತ್ತದೆ, ಅದನ್ನು ಆರಿಸಿ. ಇನ್‌ಡಿಸೈನ್‌ನಲ್ಲಾದರೆ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್. ಹಣ ಕೊಡಲಾಗದ ಕಾಲದಲ್ಲಿ ನನ್ನ ಕೈ ಹಿಡಿದದ್ದು ಉಚಿತವಾದ ಇಂಕ್‌ಸ್ಕೇಪ್. ಅದು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಯಕ್ಷಗಾನದ ಕರಪತ್ರಗಳ ಪಠ್ಯ ಈಗಲೂ ಹಳೆಯ ನುಡಿ ಫಾಂಟಿನಲ್ಲಿ ಬರುವುದುಂಟು. ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತುಗಳನ್ನು ಒಂದೊಂದಾಗಿ ಓದಿ ನೋಡುತ್ತೇನೆ. ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ಆಕೃತಿಗಳಾಗಿ ಬದಲಿಸಿರುತ್ತೇನೆ, ತಿದ್ದಲು ಬರುವ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿರುತ್ತೇನೆ.

ಬಣ್ಣದ ವಿಷಯದಲ್ಲಿ ನನ್ನ ಗುರು ಕಾವಿ ಕಲೆ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಬಿಳಿ ಕಾಣಿಸಿ ಚಿತ್ರ ಬಿಡಿಸಿದ್ದಾರೆ. ಎರಡೇ ಬಣ್ಣ, ಆದರೂ ಬಳ್ಳಿ, ಹಕ್ಕಿ, ದೇವರು ಎಲ್ಲವೂ ಉಂಟು. ವೆಬ್ ಪುಟಗಳಲ್ಲಿ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಗಾಢ ಕಾವಿ ಬಿಳಿಯ ಮೇಲೆ ಅದನ್ನು ಸುಲಭವಾಗಿ ದಾಟುತ್ತದೆ. ಎಲ್ಲರೂ ಕೇಳುವ ಅರಿಸಿನ ಹಳದಿ ದಾಟುವುದಿಲ್ಲ.

ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಎಷ್ಟರಮಟ್ಟಿಗೆ ಸಿಗುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜಲಪಾತದ ಫೋಟೊವೊಂದೇ ಐದು ಎಂಬಿ ಇದ್ದರೆ ಆ ಪುಟವನ್ನು ಯಾರೂ ಕಾಯುವುದಿಲ್ಲ. ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಪ್ರತಿ ಚಿತ್ರವನ್ನೂ ವೆಬ್‌ಪಿ ರೂಪಕ್ಕೆ ತಂದು 150 ಕೆಬಿಯ ಒಳಗಿಡುತ್ತೇನೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತಿಸುವುದನ್ನೂ ಮರೆಯುವುದಿಲ್ಲ. ಕಣ್ಣು ಕಾಣದವರ ಫೋನು ಆಗ ಅದನ್ನು ಕನ್ನಡದ ದನಿಯಲ್ಲಿ ಓದಬಲ್ಲದು.

ಕೊನೆಯ ಪರೀಕ್ಷೆ ಕಾಗದದ ಮೇಲೆ. ಲೇಬಲ್ಲನ್ನು ನಿಜವಾದ ಗಾತ್ರದಲ್ಲಿ ಮುದ್ರಿಸಿ, ಕತ್ತರಿಸಿ, ಅಕ್ಕನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳುತ್ತೇನೆ. ಅವರು ತಡೆದಲ್ಲೆಲ್ಲ ಪೆನ್ಸಿಲಿನ ಗೆರೆ ಹಾಕುತ್ತೇನೆ. ಹೊಸ ಮಾದರಿಯಲ್ಲಿ ಮೂರೂ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದಿದರು. ಹಿಂಬದಿಯ ‘ಪೋಷಕಾಂಶ’ದ ಹತ್ತಿರ ಮಾತ್ರ ಕನ್ನಡಕ ಸರಿಪಡಿಸಿಕೊಂಡು, ಅದು ಪ ಅಕ್ಷರವೋ ಷ ಅಕ್ಷರವೋ ಎಂದು ಕೇಳಿದರು. ಆರು ಪಾಯಿಂಟ್ ಇದ್ದ ಆ ಭಾಗವನ್ನು ಎಂಟಕ್ಕೆ ಏರಿಸಿ, ಅಂಚಿನ ಹೂಬಳ್ಳಿಯನ್ನು ತೆಗೆದುಹಾಕಿದೆ.