ಖಾನೆ ಚೀಲದಲ್ಲಿ ರೊಟ್ಟಿ, ಹಿಂಡಿ, ಒಣದ್ರಾಕ್ಷಿ: ನಾನು ಮಾಡಿಕೊಂಡ ಬಗೆ

ವಿಜಯಪುರದಲ್ಲಿ ಖಡಕ್ ರೊಟ್ಟಿ ಮಾರುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರದು. ಇನ್ನೊಂದು, ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವವರದು. ಇವೆರಡರ ನಡುವೆ, ಮಕ್ಕಳನ್ನು ಬೆಂಗಳೂರಿನಲ್ಲಿ ಓದಲಿಕ್ಕೆ ಬಿಟ್ಟಿರುವ ತಾಯಂದಿರು ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಹೊರಡುವ ಹೊತ್ತಿಗೆ ಗಡಬಡಿಸಿ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಅಕ್ಕಾರ, ಎಲ್ಲಾ ಒಂದ ಚೀಲದಾಗ ಹಾಕಿ ಕೊಡ್ರಿ. ಆದ್ರ ಒಂದಕ್ಕೊಂದು ಕೂಡಬಾರದು ನೋಡ್ರಿ."

ಬೇಕೆಂದಾಗ ತೆಗೆದು ಮತ್ತೆ ಮುಚ್ಚಬಹುದಾದ, ಒಳಗೆ ಬೇರೆ ಬೇರೆ ಖಾನೆ ಇರುವ ಚೀಲವನ್ನು ತಯಾರು ಮಾಡಿಕೊಡುವ ಕಾರ್ಖಾನೆಗಳಿವೆ. ಅವರಿಗೆ ಆರ್ಡರ್ ಸಾವಿರಗಟ್ಟಲೆ ಬೇಕು, ಮೇಲೆ ಪ್ರಿಂಟಿಂಗ್ ಸಿಲಿಂಡರಿನ ಖರ್ಚು ಬೇರೆ. ಇಬ್ಬರು ಬಡಿದು ಒಬ್ಬರು ಬೇಯಿಸುವ ನಮ್ಮಂಥ ಮನೆ ಕಸುಬಿಗೆ ಅದು ಆಗದ ಮಾತು. ಹಾಗಾಗಿ ಸಾದಾ ಜಿಪ್ ಕವರ್ ತಂದು, ಕೈಯಿಂದ ಒತ್ತುವ ಸೀಲಿಂಗ್ ಮಷಿನ್ನಿನಲ್ಲಿ ನಾನೇ ಖಾನೆ ಹಾಕಿಕೊಂಡೆ. ಖಾನೆ ಹಾಕುವುದು ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ. ಯಾವ ಖಾನೆಯ ಪಕ್ಕ ಯಾವುದು ಕೂರಬೇಕು ಅನ್ನುವುದೇ ತಲೆ ತಿನ್ನುವಂಥದ್ದು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಕವರಿನ ಮಾತು.

ಪ್ಲಾಸ್ಟಿಕ್ ಅಂಗಡಿಯಲ್ಲಿ ಜಿಪ್ ಕವರ್ ಎರಡು ಜಾತಿಯವು ಸಿಗುತ್ತವೆ. ಒಂದು, ಮೆತ್ತಗಿನ ಪಾಲಿಥಿನ್ನಿನದು. ಮುಟ್ಟಿದರೆ ಸಪ್ಪಳವಿಲ್ಲ, ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಇನ್ನೊಂದು, ಕೈಯಲ್ಲಿ ಹಿಡಿದರೆ ಚರಚರ ಅನ್ನುವ ಲ್ಯಾಮಿನೇಟ್ ಪೌಚ್. ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಥಿನ್ ಪದರ. ಪಾಲಿಥಿನ್ ಸುಮಾರು 110 ಡಿಗ್ರಿಗೆ ಕರಗುತ್ತದೆ. ಪಾಲಿಯೆಸ್ಟರ್ ಕರಗಬೇಕಾದರೆ 250 ಡಿಗ್ರಿ ದಾಟಬೇಕು. ನಮ್ಮ ಕೈಮಷಿನ್ನು ಅಲ್ಲಿಗೆ ಹೋಗುವುದಿಲ್ಲ, ಹೋಗುವುದೂ ಬೇಡ. ಇದರ ಅರ್ಥ, ಲ್ಯಾಮಿನೇಟ್ ಪೌಚಿನ ಒಳಮೈ ಒಳಮೈಗೆ ಅಂಟುತ್ತದೆ. ಎರಡು ಪೌಚುಗಳ ಹೊರಮೈಯನ್ನು ಒಂದಕ್ಕೊಂದು ಅಂಟಿಸುತ್ತೇನೆ ಅಂದರೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ಸಾದಾ ಪಾಲಿಥಿನ್ ಹಾಗಲ್ಲ, ಒಳಗೂ ಅಂಟುತ್ತದೆ, ಹೊರಗೂ ಅಂಟುತ್ತದೆ. ಈ ಗುಣವೇ ಮುಂದೆ ನನಗೆ ಕೆಲಸಕ್ಕೆ ಬಂತು.

ಕೊಳ್ಳುವಾಗ ಆಹಾರಕ್ಕೆ ತಕ್ಕದ್ದೇ ಎಂದು ಕೇಳಿಯೇ ಕೊಳ್ಳಬೇಕು. ಪಾಲಿಥಿನ್ನಿಗೆ ಐಎಸ್ 10146 ಎಂಬ ಮಾನಕ ಇದೆ, ಬಂಡಲ್ ಮೇಲೆ ಬರೆದಿರುವುದನ್ನು ನೋಡಿ. ಕರಗಿಸಿ ಮರಳಿ ಮಾಡಿದ ಕವರಿಗೆ ಒಂದು ಥರದ ಕಮಟು ವಾಸನೆ ಇರುತ್ತದೆ. ಬಾಯಿ ತೆಗೆದು ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ. ಅದು ತಿನ್ನುವ ಪದಾರ್ಥಕ್ಕೆ ಬೇಡವೇ ಬೇಡ.

ಮಷಿನ್ನು 8 ಇಂಚಿನದೂ ಇದೆ, 12 ಇಂಚಿನದೂ ಇದೆ. ಒಳಗೆ ನೈಕ್ರೋಮ್ ಪಟ್ಟಿ, ಅದರ ಮೇಲೆ ಕಂದು ಬಣ್ಣದ ಟೆಫ್ಲಾನ್ ಬಟ್ಟೆ. ಹಿಡಿಕೆ ಒತ್ತಿದಾಗಷ್ಟೇ ಪಟ್ಟಿಗೆ ಕರೆಂಟು ಹರಿಯುತ್ತದೆ, ದೀಪ ಆರಿದರೆ ಕಾವು ನಿಂತಿತು. ಆದರೆ ದೀಪ ಆರಿದ ಕೂಡಲೇ ಹಿಡಿಕೆ ಎತ್ತಬಾರದು. ಕರಗಿದ್ದು ಗಟ್ಟಿಯಾಗುವವರೆಗೆ ಒತ್ತಿ ಹಿಡಿಯಬೇಕು. ನಾನು ಮನಸ್ಸಿನಲ್ಲಿ ಎರಡು ಸಲ "ಓಂ ನಮಃ ಶಿವಾಯ" ಅಂದು ಎತ್ತುತ್ತೇನೆ, ಅಷ್ಟು ಹೊತ್ತು ಸಾಕು. ಬೇಗ ಎತ್ತಿದರೆ ಗೆರೆ ನೋಡಲಿಕ್ಕೆ ಚಂದ ಕಾಣುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಕಾವಿನ ಗುಂಡಿಯನ್ನು ಕಡಿಮೆ ಅಂಕಿಯಿಂದ ಶುರು ಮಾಡಿ ಮೇಲೇರಿಸಬೇಕು. ಹೆಚ್ಚಾಯಿತೆಂದರೆ ಗೆರೆ ಸುಕ್ಕುಗಟ್ಟಿ ಅಂಚಿನಲ್ಲಿ ಕವರ್ ಕತ್ತರಿಸಿಕೊಂಡು ಬರುತ್ತದೆ.

ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೂರು ಖಾನೆ ಬೇಕು: ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಪುಠಾಣಿ (ಹುರಿಗಡಲೆ). ಕವರನ್ನು ಅಡ್ಡ ಮಡಚಿ ಎರಡು ಕಡೆ ಉಗುರಿನಿಂದ ಗುರುತು ಮಾಡಿ, ತಳದಿಂದ ಬಾಯಿಯ ಕಡೆಗೆ ಎರಡು ಉದ್ದ ಗೆರೆ ಹಾಕಿದರೆ ಮೂರು ಖಾನೆಯಾದವು. ಕೇಳಲಿಕ್ಕೆ ಇಷ್ಟೇ. ಗಮನ ಇಡಬೇಕಾದ್ದು ಎರಡು ತುದಿಗಳಲ್ಲಿ.

ಮೇಲಿನ ತುದಿಯಲ್ಲಿ ಜಿಪ್ ಇದೆ. ಗೆರೆ ಜಿಪ್ಪಿನ ಮೇಲೆ ಹಾದರೆ ಅದರ ಏಣು ಕರಗಿ ಚಪ್ಪಟೆಯಾಗುತ್ತದೆ, ಅಲ್ಲಿ ಮತ್ತೆಂದೂ ಮುಚ್ಚುವುದಿಲ್ಲ. ಅದಕ್ಕೇ ಕವರಿಡುವಾಗ ಜಿಪ್ ಪೂರ್ತಿ ಕಾಯುವ ಪಟ್ಟಿಯ ತುದಿಯಿಂದ ಹೊರಗೆ ಜೋತಾಡುವ ಹಾಗೆ ಇಡುತ್ತೇನೆ. ಗೆರೆ ಜಿಪ್ಪಿಗಿಂತ ಅರ್ಧ ಇಂಚು ಕೆಳಗೇ ನಿಲ್ಲುತ್ತದೆ.

ಕೆಳತುದಿಯ ಕಥೆ ಬೇರೆ. ಅಂಗಡಿಯವರು "ಇದ ಚಲೋ ನಿಂದರತೈತ್ರಿ" ಅಂತ ತಳದಲ್ಲಿ ಮಡಿಕೆ ಇರುವ ಪೌಚ್ ತೋರಿಸುತ್ತಾರೆ. ಮೇಜಿನ ಮೇಲೆ ನೆಟ್ಟಗೆ ನಿಲ್ಲುತ್ತದೆ ನಿಜ. ಆದರೆ ಮಡಿಕೆಯ ಜಾಗದಲ್ಲಿ ನಾಲ್ಕು ಪದರ, ಅದರ ಮೇಲೆ ಎರಡೇ ಪದರ. ಎರಡಕ್ಕೆ ಹದವಾದ ಕಾವು ನಾಲ್ಕಕ್ಕೆ ಸಾಲದು, ನಾಲ್ಕಕ್ಕೆ ಸಾಲುವಷ್ಟು ಕೊಟ್ಟರೆ ಎರಡು ಸುಟ್ಟುಹೋಗುತ್ತದೆ. ಪದರ ಬದಲಾಗುವ ಆ ಮೂಲೆಯಲ್ಲಿ ಸೂಜಿ ಮೊನೆಯಷ್ಟು ದಾರಿ ಉಳಿದುಬಿಡುತ್ತದೆ. ಖಾನೆ ಹಾಕಬೇಕಾದರೆ ಮಡಿಕೆಯಿಲ್ಲದ ಚಪ್ಪಟೆ ಕವರೇ ಸರಿ.

ಆ ದಾರಿ ಉಳಿದಿದೆಯೋ ಇಲ್ಲವೋ ತಿಳಿಯಲು ಕುಂಕುಮ ಕದಡಿದ ನೀರನ್ನು ನಡುವಿನ ಖಾನೆಗೆ ಮಾತ್ರ ತುಂಬಿ, ಕವರನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ಇರುಳೆಲ್ಲ ಬಿಡುತ್ತೇನೆ. ಬೆಳಿಗ್ಗೆ ಪಕ್ಕದ ಖಾನೆಯ ತಳದಲ್ಲಿ ಕೆಂಪು ಎಳೆ ಕಂಡರೆ ಆ ಹದ ನಡೆಯುವುದಿಲ್ಲ, ಗುಂಡಿ ಒಂದಂಕಿ ಮೇಲೆ. ಹೊಸ ಬಂಡಲ್ ಒಡೆದಾಗಲೆಲ್ಲ ಒಂದು ಕವರ್ ಹೀಗೆ ಬಲಿಯಾಗುತ್ತದೆ, ಏಕೆಂದರೆ ದಪ್ಪ ಬಂಡಲಿನಿಂದ ಬಂಡಲಿಗೆ ಬೇರೆ.

ಅಗಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಖಾಲಿ ಇದ್ದಾಗ 3 ಇಂಚು ಅಗಲದ ಖಾನೆ, ಹಿಂಡಿ ತುಂಬಿ ದುಂಡಗಾದಾಗ 2 ಇಂಚಿಗೆ ಇಳಿಯುತ್ತದೆ. ಸುತ್ತಳತೆ 6 ಇಂಚು, ಅದನ್ನು 3.14ರಿಂದ ಭಾಗಿಸಿ ನೋಡಿ. ಮೂರು ಖಾನೆ ತುಂಬಿದ ಮೇಲೆ 9 ಇಂಚಿನ ಕವರ್ 6 ಇಂಚಿನಷ್ಟಾಗಿ ಕುಗ್ಗುತ್ತದೆ. ಚಮಚ ಹೋಗುವಷ್ಟು ಬಾಯಿ ಬೇಕಾದರೆ ಮೊದಲೇ ಅಗಲ ಹಿಡಿಯಬೇಕು.

ಈಗ ನೆರೆಹೊರೆಯ ವಿಷಯ. ಗೆರೆ ಜಿಪ್ಪಿಗಿಂತ ಕೆಳಗೇ ನಿಂತಿದೆ ಅಂದೆನಲ್ಲ, ಅಂದರೆ ಮೇಲಿನ ಅರ್ಧ ಇಂಚು ಮೂರೂ ಖಾನೆಗೆ ಸಾಮಾನ್ಯ. ಒಂದೇ ಅಂಗಳದ ಮೂರು ಮನೆ ಇದ್ದ ಹಾಗೆ. ಪದಾರ್ಥ ಬೇರೆ ಬೇರೆ ಇರುತ್ತದೆ, ಗಾಳಿ ಒಂದೇ. ಗಾಳಿಯ ಜೊತೆ ತೇವವೂ ವಾಸನೆಯೂ ತಿರುಗಾಡುತ್ತವೆ. ಇದನ್ನು ಮರೆತು ಚಂದಕ್ಕೆಂದು ಖಾನೆ ತುಂಬಿದರೆ ಚೀಲ ಇದ್ದೂ ಇಲ್ಲದ ಹಾಗೆ.

ಶೇಂಗಾ, ಗುರೆಳ್ಳು, ಪುಠಾಣಿ ಮೂರನ್ನೂ ಹುರಿದು ಕುಟ್ಟಿದ್ದು, ಮೂರಕ್ಕೂ ಬೆಳ್ಳುಳ್ಳಿ ಬಿದ್ದದ್ದು. ಇವು ಒಂದರ ಗಾಳಿ ಒಂದು ಕುಡಿದರೆ ನಷ್ಟವಿಲ್ಲ. ಬೆಳ್ಳುಳ್ಳಿ ಹಸಿ ಉಳಿದಿರಬಾರದು, ಅಷ್ಟೇ. ಒಣದ್ರಾಕ್ಷಿ ಹಾಗಲ್ಲ. ನಮ್ಮ ಜಿಲ್ಲೆಯದೇ ಮಾಲು, ಪಾದಯಾತ್ರಿಗಳು ಬಿಡದೆ ಕೇಳುತ್ತಾರೆ. ಒಣಗಿದ್ದು ಅಂತ ಹೆಸರೇ ಹೊರತು ಅದರಲ್ಲಿ ನೂರಕ್ಕೆ ಹದಿನೈದರಷ್ಟು ನೀರು ಇದ್ದೇ ಇರುತ್ತದೆ. ಖಡಕ್ ರೊಟ್ಟಿಯ ಜೊತೆ ಒಂದೇ ಗಾಳಿಯಲ್ಲಿ ಬಿಟ್ಟರೆ ಆ ನೀರು ರೊಟ್ಟಿಗೆ ಹೋಗುತ್ತದೆ. ಚುರುಚುರು ಮುರಿಯಬೇಕಾದ ರೊಟ್ಟಿ ತೊಗಲಿನಂತೆ ಬಾಗುತ್ತದೆ. ಹಿಂಡಿಯ ಜೊತೆ ಬಿಟ್ಟರೆ ಹಿಂಡಿ ಗಂಟುಕಟ್ಟುತ್ತದೆ, ದ್ರಾಕ್ಷಿಗೆ ಬೆಳ್ಳುಳ್ಳಿ ನಾತ ಹತ್ತುತ್ತದೆ. ಬೆಲ್ಲದ್ದೂ ಇದೇ ಬುದ್ಧಿ. ಸಾದಾ ಪಾಲಿಥಿನ್ ತೇವವನ್ನು ಒಂದು ಮಟ್ಟಿಗೆ ತಡೆಯುತ್ತದೆ, ಆದರೆ ವಾಸನೆ ಮತ್ತು ಆಮ್ಲಜನಕವನ್ನು ತಡೆಯುವುದರಲ್ಲಿ ಅದು ದುರ್ಬಲ. ಹೀಗಾಗಿ ದ್ರಾಕ್ಷಿಗೂ ಬೆಲ್ಲಕ್ಕೂ ಲ್ಯಾಮಿನೇಟಿನ ಪುಟ್ಟ ಪುಟ್ಟ ಪ್ಯಾಕೆಟ್. ನಾಲ್ಕೂ ಕಡೆ ಸೀಲ್ ಹಾಕಿ, ಒಂದು ಹೊತ್ತಿಗೆ ಒಂದು ಒಡೆಯುವ ಹಾಗೆ, ದೊಡ್ಡ ಚೀಲದೊಳಗೆ ಬಿಡುತ್ತೇನೆ.

ಅಗಸಿ ಹಿಂಡಿಗೆ ನನ್ನ ಚೀಲದಲ್ಲಿ ಕಾಯಂ ಜಾಗವಿಲ್ಲ. ಕುಟ್ಟಿದ ಅಗಸಿಯ ಎಣ್ಣೆ ಗಾಳಿ ತಾಕಿದರೆ ಬೇಗ ಕಮರುತ್ತದೆ. ವಾರದೊಳಗೆ ತಿಂದು ಮುಗಿಸುವವರಾದರೆ, ಅದೇ ದಿನ ಕುಟ್ಟಿ, ಪುಠಾಣಿಯ ಬದಲಿಗೆ ತುಂಬಿಕೊಡುತ್ತೇನೆ. ಶ್ರೀಶೈಲದವರಿಗೆ ಕೊಡುವುದಿಲ್ಲ, ಎಷ್ಟು ಕೇಳಿದರೂ.

ರೊಟ್ಟಿಯ ಖಾನೆಗೆ ಬರೋಣ. ಅದು ಹತ್ತು ಇಂಚಿನ ದುಂಡು, ಹಿಂಡಿಯ ಕವರಿನಲ್ಲಿ ಹಿಡಿಸುವುದಲ್ಲ. ಅದಕ್ಕೆ 12ಕ್ಕೆ 14 ಇಂಚಿನ ಪಾಲಿಥಿನ್ ಜಿಪ್ ಕವರ್ ಹಿಂದೆ, ಹಿಂಡಿಯ ಮೂರು ಖಾನೆಯ ಪಾಲಿಥಿನ್ ಕವರ್ ಮುಂದೆ. ಎರಡನ್ನೂ ಕೂಡಿಸಲು ಪಾಲಿಥಿನ್ನಿನ ಆ ಗುಣವನ್ನು ಬಳಸಿಕೊಂಡೆ. ದೊಡ್ಡ ಕವರಿನ ಒಳಗೆ ಒಂದು ಹಾಳೆ ಬಟರ್ ಪೇಪರ್ ತೂರಿಸಬೇಕು. ಹಿಂಡಿ ಕವರಿನ ಜಿಪ್ಪಿನ ಮೇಲೆ ಎರಡು ತುಟಿ ಇರುತ್ತವಲ್ಲ, ಅದರಲ್ಲಿ ಹಿಂದಿನ ತುಟಿಯನ್ನಷ್ಟೇ ದೊಡ್ಡ ಕವರಿನ ಮುಂಭಾಗಕ್ಕೆ ಹಚ್ಚಿ ಒತ್ತಬೇಕು. ಕಾವು ಕೆಳಗಿನ ಪಟ್ಟಿಯಿಂದ ಮಾತ್ರ ಬರುವುದರಿಂದ ಅಂಟಬೇಕಾದ ಎರಡು ಪದರ ಕೆಳಗಿರುವಂತೆ ಕವರನ್ನು ಮಗುಚಿ ಇಡಬೇಕು. ಅವೆರಡು ಬೆಸೆದುಕೊಳ್ಳುತ್ತವೆ, ಬಟರ್ ಪೇಪರ್ ಅಡ್ಡ ಇರುವುದರಿಂದ ದೊಡ್ಡ ಕವರಿನ ಒಳಮೈಗಳು ಅಂಟುವುದಿಲ್ಲ. ಆಮೇಲೆ ಹಾಳೆ ಎಳೆದು ತೆಗೆಯುವುದು. ಮುಂದಿನ ತುಟಿ ಸಿಕ್ಕಿಕೊಂಡರೆ ಹಿಂಡಿಯ ಬಾಯಿಯೇ ಮುಚ್ಚಿಹೋಗುತ್ತದೆ, ಅದನ್ನು ಬಟ್ಟೆ ಕ್ಲಿಪ್ಪಿನಿಂದ ಹಿಂದಕ್ಕೆ ಹಿಡಿದಿರಬೇಕು.

ಅಂಟಿಸುವುದು ಮೇಲೊಂದೇ ಗೆರೆ, ಕೆಳಗೆ ಸಡಿಲ. ನಾಲ್ಕೂ ಕಡೆ ಅಂಟಿಸಿದರೆ ಹಿಂಡಿ ತುಂಬಿ ಮುಂದಿನ ಕವರ್ ಕುಗ್ಗಿದಾಗ ಹಿಂದಿನದನ್ನೂ ಎಳೆದು ರೊಟ್ಟಿ ಮುರಿಯುತ್ತದೆ. ಮುರಿದರೇನು, ತಿನ್ನುವಾಗ ಮುರಿಯುವುದೇ ತಾನೆ ಅನ್ನುವವರೂ ಇದ್ದಾರೆ. ಆದರೆ ರೊಕ್ಕ ಕೊಡುವಾಗ ಇಡೀ ರೊಟ್ಟಿಯನ್ನೇ ನೋಡುತ್ತಾರೆ. ಎರಡು ಜಿಪ್ಪುಗಳು ಒಂದರ ಮೇಲೊಂದು ಬರದ ಹಾಗೆ ಮುಂದಿನದನ್ನು ಎರಡು ಇಂಚು ಕೆಳಗೆ ಅಂಟಿಸುತ್ತೇನೆ. ನಸುಕಿನಲ್ಲಿ ಎದ್ದು ನಡೆಯುವವರಿಗೆ ಕತ್ತಲಲ್ಲೂ ಕೈಗೆ ಯಾವುದು ಯಾವುದೆಂದು ಸಿಗಬೇಕು.

ತುಂಬುವಾಗ ಜಿಪ್ಪಿನ ಸಂದಿಗೆ ಹಿಂಡಿ ಬೀಳಬಾರದು. ಚಳಿ ಮುಗಿದು ಬಿಸಿಲು ಏರುವ ದಿನಗಳಲ್ಲಿ ನಮ್ಮೂರ ಗಾಳಿ ಎಷ್ಟು ಒಣಗಿರುತ್ತದೆಂದರೆ ಪುಠಾಣಿಯ ಹುಡಿ ಹಾರಿ ಹೋಗಿ ಕವರಿಗೆ ತಾನೇ ಹತ್ತಿಕೊಳ್ಳುತ್ತದೆ. ಬಟರ್ ಪೇಪರನ್ನು ಉದ್ದ ಕೊಳವೆ ಸುತ್ತಿ, ಅದರ ತುದಿ ಖಾನೆಯ ಅರ್ಧದವರೆಗೆ ಇಳಿದ ಮೇಲೆ ಸುರಿಯುತ್ತೇನೆ. ಆದರೂ ಕೂತಿದ್ದನ್ನು ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸುವುದು. ಮುಚ್ಚುವ ಮುಂಚೆ ಅಂಗೈಯಿಂದ ಮೆಲ್ಲಗೆ ಒತ್ತಿ ಗಾಳಿ ಹೊರಹಾಕಬೇಕು. ಉಳಿದ ಗಾಳಿ ಬಿಸಿಲಿಗೆ ಹಿಗ್ಗಿ ಜಿಪ್ಪನ್ನು ಒಳಗಿನಿಂದ ತಳ್ಳುತ್ತದೆ.

ಮಾರುವವರಾದರೆ ಕಾಗದಪತ್ರ ತಪ್ಪದು. ಸಣ್ಣ ಕಸುಬಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ ಮಾಡಿಸಿ 14 ಅಂಕಿಯ ನಂಬರನ್ನು ಚೀಟಿಯ ಮೇಲೆ ಹಾಕಬೇಕು, ಜೊತೆಗೆ ಸಸ್ಯಾಹಾರದ ಹಸಿರು ಚುಕ್ಕೆ. ಖಾನೆ ಮೂರಿದ್ದರೆ ಮೂರರ ತೂಕ, ಮೂರಕ್ಕೆ ಏನೇನು ಹಾಕಿದೆ ಎಂಬುದು ಬೇರೆ ಬೇರೆ ಬರೆಯುತ್ತೇನೆ. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನು ಎದ್ದು ಕಾಣುವಂತೆ ಹಾಕಬೇಕು. "ಪ್ಲಾಸ್ಟಿಕ್ ಬ್ಯಾನ್ ಆಗೈತೆಲ್ರಿ?" ಎಂದು ಕೇಳುವವರಿಗೆ ಉತ್ತರ: 120 ಮೈಕ್ರಾನಿಗಿಂತ ತೆಳ್ಳಗಿರಬಾರದೆಂಬ ಮಿತಿ ಬಂದದ್ದು 2022ರ ಡಿಸೆಂಬರ್ 31ರಿಂದ, ಅದು ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಕೈಚೀಲಕ್ಕೆ. ಹಾಗೆಂದು ದಾರಿಯುದ್ದಕ್ಕೂ ಒಗೆಯುತ್ತ ಹೋಗುವುದನ್ನು ನಾನು ಒಪ್ಪುವುದಿಲ್ಲ. ಖಾಲಿ ಚೀಲ ತಂದುಕೊಟ್ಟವರಿಗೆ ಮುಂದಿನ ಖರೀದಿಯಲ್ಲಿ ಒಂದಿಷ್ಟು ಬಿಡುತ್ತೇನೆ. ಅದಕ್ಕೆ ಮತ್ತೆ ತಿನಿಸು ತುಂಬುವುದಿಲ್ಲ, ಗುಜರಿಗೆ ಹೋಗುತ್ತದೆ. ಪಾಲಿಥಿನ್ನನ್ನು ಅವರು ಕೊಳ್ಳುತ್ತಾರೆ, ಲ್ಯಾಮಿನೇಟನ್ನು ಮುಟ್ಟುವುದಿಲ್ಲ. ದ್ರಾಕ್ಷಿ ಪ್ಯಾಕೆಟ್ ಆದಷ್ಟು ಚಿಕ್ಕದಿರಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಎಳೆಯುವ ಗುಂಡಿಯ ಜಿಪ್ ಹಾಕಿರಿ, ವಯಸ್ಸಾದವರಿಗೆ ಸಲೀಸು ಎಂದು ಬೇಡಿಕೆ ಇದೆ. ಗುಂಡಿ ತುದಿಗೆ ಬಂದು ನಿಂತಾಗ ಅದರ ಕೆಳಗೆ ಚೂರು ಸಂದಿ ಉಳಿಯುತ್ತದೆ, ಪುಠಾಣಿಯ ಹುಡಿಗೆ ಅಷ್ಟು ಸಾಕು. ಒತ್ತಿ ಮುಚ್ಚುವ ಎರಡು ಸಾಲಿನ ಜಿಪ್ಪನ್ನೇ ಹಾಕುತ್ತಿದ್ದೇನೆ. ಹಾಸ್ಟೆಲ್ ಹುಡುಗರ ತಾಯಂದಿರದು ಇನ್ನೊಂದು ಹಟ, ಇಂಡಿ ಊರಿನ ಲಿಂಬೆಯ ಉಪ್ಪಿನಕಾಯಿಗೂ ಒಂದು ಖಾನೆ ಮಾಡಿ ಎಂದು. ಎಣ್ಣೆ, ಉಪ್ಪುನೀರು, ಹುಳಿ ಮೂರೂ ಇರುವ ಪದಾರ್ಥವನ್ನು ಜಿಪ್ಪಿನ ಭರವಸೆಯ ಮೇಲೆ ರೈಲಿಗೆ ಹತ್ತಿಸಲು ನಾನು ತಯಾರಿಲ್ಲ. ಅದಕ್ಕೆ ಗಾಜಿನ ಬಾಟಲಿ, ಬೇರೆ ಚೀಲ, ಬೇರೆ ರೊಕ್ಕ.