ಬರಿಗಾಲಲ್ಲಿ ಓಡಬೇಕಾ? ತೆಳು ಶೂ ಆಮೇಲೆ ಕೊಳ್ಳಿ, ಮೊದಲು ಅಂಗಾಲಿನ ಮಾತು ಕೇಳಿ

ಬರಿಗಾಲ ಓಟ ಶುರು ಮಾಡಬೇಕು ಅಂದುಕೊಂಡವರಲ್ಲಿ ಬಹಳಷ್ಟು ಜನ ಮೊದಲು ಮಾಡುವುದು ತೆಳು ಸೋಲ್‌ನ ಶೂ ಆರ್ಡರ್ ಮಾಡುವ ಕೆಲಸ. ಶೂ ಬರುತ್ತದೆ, ಹಗುರವಾಗಿದೆ, ಹಾಕಿಕೊಂಡರೆ ಖುಷಿಯಾಗುತ್ತದೆ, ಹಳೆಯ ಶೂನಲ್ಲಿ ಓಡುತ್ತಿದ್ದ 5 ಕಿಲೋಮೀಟರನ್ನೇ ಇದರಲ್ಲೂ ಓಡಿಬಿಡುತ್ತಾರೆ. ಮರುದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಆದರೂ ಬಿಡದೆ ಓಡಿದರೆ ಕೆಲವೇ ವಾರಗಳಲ್ಲಿ ಪಾದದ ಮೇಲ್ಭಾಗ ನೋಯಲು ಶುರು. ಆಮೇಲೆ "ಬರಿಗಾಲ ಓಟ ನಮಗೆ ಆಗಿಬರಲ್ಲ" ಅಂತ ಬಿಟ್ಟುಬಿಡುತ್ತಾರೆ.

ನಾನು ಹೇಳುವುದು ಇದರ ತಿರುಗುಮುರುಗು. ಮೊದಲು ನಿಜವಾಗಿ ಬರಿಗಾಲಲ್ಲಿ ಓಡಿ. ತೆಳು ಶೂ ಆಮೇಲೆ ಬರಲಿ.

ಕಾರಣ ಸರಳ. ಅಂಗಾಲಿನ ಚರ್ಮದಲ್ಲಿ ನರಗಳ ತುದಿಗಳು ತುಂಬಾ ದಟ್ಟವಾಗಿವೆ. ಹೆಜ್ಜೆ ತಪ್ಪಾಗಿ ಬಿದ್ದರೆ, ಪಾದ ನೆಲಕ್ಕೆ ಉಜ್ಜಿದರೆ, ದೂರ ಜಾಸ್ತಿಯಾದರೆ ಮೊದಲು ಉರಿಯುವುದು ಚರ್ಮವೇ. ಹೊಸಬರನ್ನು ಅದು ಅರ್ಧ ಕಿಲೋಮೀಟರಿಗೇ ನಿಲ್ಲಿಸುತ್ತದೆ. ಆ ಹೊತ್ತಿಗೆ ಮೂಳೆಗೆ ಏನೂ ಆಗಿರುವುದಿಲ್ಲ. ತೆಳು ಶೂ ಹಾಕಿದರೆ ಮೀನಖಂಡ, ಹಿಮ್ಮಡಿಯ ಹಿಂದಿನ ಅಕಿಲಿಸ್ ಹುರಿ, ಪಾದದ ಸಣ್ಣ ಮೂಳೆಗಳ ಮೇಲೆ ಬೀಳುವ ಹೊರೆ ಹೆಚ್ಚುಕಡಿಮೆ ಬರಿಗಾಲಿನಷ್ಟೇ ಇರುತ್ತದೆ, ಆದರೆ ಎಚ್ಚರಿಸುವ ಚರ್ಮ ಮಾತ್ರ ಸುಮ್ಮನಾಗಿಬಿಡುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು ಓಟಗಾರರಿಗೆ ವೈಬ್ರಮ್ ಕಂಪನಿಯ ಐದು ಬೆರಳಿನ ತೆಳು ಶೂ ಕೊಟ್ಟು, ಅದಕ್ಕೆ ಹೊಂದಿಕೊಳ್ಳಲು 10 ವಾರ ಬಿಟ್ಟು, ಪಾದದ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೂಳೆಯೊಳಗೆ ಊತ ಜಾಸ್ತಿಯಾಗಿತ್ತು. ಅಂದರೆ 10 ವಾರ ಸಾಲದು. ಉಸಿರು ಬೇಗ ಪಳಗುತ್ತದೆ, ಸ್ನಾಯು ಆಮೇಲೆ, ಮೂಳೆ ಮತ್ತು ಹುರಿಗಳು ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ಮಾತು. ತೆಳು ಶೂ ಹಾಕಿದ ಮಾತ್ರಕ್ಕೆ ಗಾಯ ಆಗುವುದಿಲ್ಲ, ಪಾದ ಗಟ್ಟಿಯಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಕೂರಬೇಡಿ. ಪುರಾವೆ ಇಲ್ಲದೆ ಇಂಥ ಲಾಭಗಳನ್ನು ಹೇಳಿಕೊಂಡಿತು ಎಂಬ ದಾವೆಯನ್ನು ವೈಬ್ರಮ್ ಕಂಪನಿ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ನಾನು ಬರಿಗಾಲ ಓಟವನ್ನು ಮನಸಾರೆ ಮೆಚ್ಚುವವನು. ಅದಕ್ಕೇ ಇಲ್ಲದ ಗುಣ ಹೊರಿಸುವುದು ನನಗೆ ಇಷ್ಟವಿಲ್ಲ.

ಯಾರು ಮಾಡಬಾರದು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು, ಅಂಗಾಲಿನ ಸ್ಪರ್ಶ ಕಡಿಮೆಯಾಗಿರುವವರು, ಗಾಯ ಬೇಗ ಮಾಯದವರು ಬರಿಗಾಲಲ್ಲಿ ಓಡಲೇಬಾರದು. ಹಿಮ್ಮಡಿ ನೋವು ಅಥವಾ ಅಕಿಲಿಸ್ ನೋವು ಈಗಾಗಲೇ ಇದ್ದರೆ ಮೊದಲು ಅದು ವಾಸಿಯಾಗಲಿ.

ಇನ್ನು ಶುರು ಮಾಡುವುದು ಹೇಗೆ? ನಡೆಯುವುದರಿಂದ. ಎರಡು ಮೂರು ವಾರ ಮನೆಯೊಳಗೆ, ಟೆರೇಸ್ ಮೇಲೆ, ಅಂಗಳದಲ್ಲಿ ದಿನಾ ಅರ್ಧ ಗಂಟೆ ಬರಿಗಾಲಲ್ಲಿ ನಡೆಯಿರಿ. "ನಾವು ಹಳ್ಳಿಯಲ್ಲಿ ಬರಿಗಾಲಲ್ಲೇ ಬೆಳೆದವರು, ನಮಗೆ ಇದೆಲ್ಲ ಬೇಕಾಗಿಲ್ಲ" ಅನ್ನುವವರಿದ್ದಾರೆ. ನಿಮ್ಮ ಬೆರಳುಗಳು ಅಗಲವಾಗಿ ಹರಡಿಕೊಂಡಿರಬಹುದು, ಅದು ಒಳ್ಳೆಯದೇ. ಆದರೆ ಆಮೇಲೆ ವರ್ಷಗಟ್ಟಲೆ ಹಿಮ್ಮಡಿ ಎತ್ತರದ ಶೂ ಹಾಕಿ ಕುರ್ಚಿಯಲ್ಲಿ ಕೂತಿದ್ದರೆ ಮೀನಖಂಡ ಬಿಗಿದುಕೊಂಡಿರುತ್ತದೆ. ಪರೀಕ್ಷೆ ಬೇಕಾದರೆ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಮ್ಮಡಿ ಪೂರ್ತಿ ನೆಲಕ್ಕೆ ತಾಗಿ ಎರಡು ನಿಮಿಷ ಆರಾಮಾಗಿ ಕೂರಲು ಆದರೆ ಕಣಕಾಲು ಚೆನ್ನಾಗಿ ಮಡಚುತ್ತಿದೆ ಅಂತ. ಹಿಂದಕ್ಕೆ ಬೀಳುವ ಹಾಗಾದರೆ ದಿನಾ ಕಂಬ ಹಿಡಿದು ಕೂತು ಅಭ್ಯಾಸ ಮಾಡಿ. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿಯನ್ನು ಎತ್ತಿ, ನಿಧಾನಕ್ಕೆ ಕೆಳಗಿಳಿಸಿ. ಇದೊಂದನ್ನು ತಪ್ಪದೆ ಮಾಡಿದರೂ ಸಾಕು, ಮುಂದೆ ತುಂಬಾ ನೋವು ತಪ್ಪುತ್ತದೆ.

ನಡಿಗೆ ಹಿತವಾದ ಮೇಲೆ ಓಟ. ನೀವು ಮಾಮೂಲಿ ಓಡುವ ದಿನಗಳಲ್ಲಿ ಮೊದಲ 200 ಅಥವಾ 300 ಮೀಟರ್ ಮಾತ್ರ ಬರಿಗಾಲು, ಉಳಿದದ್ದು ಶೂ ಹಾಕಿಕೊಂಡು. ಕೊನೆಯಲ್ಲಿ ಬೇಡ, ಶುರುವಿನಲ್ಲೇ ಮಾಡಿ, ಸುಸ್ತಾದ ಕಾಲು ಹೆಜ್ಜೆ ಕೆಡಿಸುತ್ತದೆ. ಒಂದು ದಿನ ಬಿಟ್ಟು ಒಂದು ದಿನ. ಎರಡು ವಾರ ಏನೂ ತೊಂದರೆ ಇಲ್ಲ ಅಂದರೆ ಇನ್ನೊಂದು 200 ಮೀಟರ್ ಸೇರಿಸಿ. ಹೀಗೆ ಹೋದರೆ ಪೂರ್ತಿ 5 ಕಿಲೋಮೀಟರ್ ಬರಿಗಾಲಲ್ಲಿ ಓಡಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಗುತ್ತದೆ. ಬೇಸರ ಆಗುತ್ತದೆ ನಿಜ, ಆದರೆ ಇಲ್ಲಿ ಅಡ್ಡದಾರಿ ಇಲ್ಲ.

ಹೆಜ್ಜೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ಕೆನ್ಯಾದ ಬರಿಗಾಲ ಓಟಗಾರರನ್ನೂ ಅಮೆರಿಕದ ಶೂ ಓಟಗಾರರನ್ನೂ ಹೋಲಿಸಿ ಒಂದು ವಿಷಯ ತೋರಿಸಿದರು. ಬರಿಗಾಲಲ್ಲಿ ಹಿಮ್ಮಡಿ ಮೊದಲು ಬಡಿದರೆ ಕಾಲಿಗೆ ತಟ್ಟನೆ ಒಂದು ಏಟು ಏರುತ್ತದೆ. ಮುಂಗಾಲು ಮೊದಲು ತಾಗಿದರೆ ಆ ಏಟು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇದನ್ನು ಓದಿ ಎಷ್ಟೋ ಜನ ತುದಿಗಾಲಲ್ಲಿ ಓಡಲು ಹೋಗುತ್ತಾರೆ. ಅದು ತಪ್ಪು. ಮುಂಗಾಲು ತಾಗಿದ ಕೂಡಲೇ ಹಿಮ್ಮಡಿಯೂ ಹಗುರವಾಗಿ ನೆಲ ಮುಟ್ಟಬೇಕು, ಇಲ್ಲದಿದ್ದರೆ ಇಡೀ ಹೊರೆ ಮೀನಖಂಡದ ಮೇಲೇ ಉಳಿದುಬಿಡುತ್ತದೆ. ಅಷ್ಟಕ್ಕೂ ಉತ್ತರ ಕೆನ್ಯಾದ ದಾಸಾನಚ್ ಜನ ಬರಿಗಾಲಲ್ಲೇ ಬೆಳೆದವರು, ಆದರೂ ನಿಧಾನಕ್ಕೆ ಓಡುವಾಗ ಅವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಾರೆ ಅಂತ 2013ರ ಅಧ್ಯಯನವೊಂದು ಹೇಳಿತು. ಹಾಗಾಗಿ ಪಾದದ ಯಾವ ಭಾಗ ಮೊದಲು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಹೆಜ್ಜೆ ಚಿಕ್ಕದು ಮಾಡಿ. ಪಾದ ಸೊಂಟದ ನೇರಕ್ಕೆ ಕೆಳಗೆ ಬೀಳಲಿ, ಮುಂದೆ ಚಾಚಿಕೊಂಡು ಬೀಳುವುದು ಬೇಡ. ಮೊಣಕಾಲು ಸ್ವಲ್ಪ ಬಾಗಿರಲಿ. ನಿಮಿಷಕ್ಕೆ 170ರಿಂದ 180 ಹೆಜ್ಜೆಯ ಆಸುಪಾಸಿಗೆ ಬಂದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ನಿಂತಲ್ಲೇ ಜಿಗಿಯಿರಿ, ಅಥವಾ ಹಗ್ಗದಾಟ (ಸ್ಕಿಪ್ಪಿಂಗ್) ಆಡಿ. ಯಾರೂ ಹಿಮ್ಮಡಿ ಮೇಲೆ ಇಳಿಯುವುದಿಲ್ಲ, ಅಲ್ವಾ? ಅದೇ ಇಳಿತವನ್ನು ಇಟ್ಟುಕೊಂಡು ಮೆಲ್ಲಗೆ ಮುಂದಕ್ಕೆ ಸಾಗಿ.

ಹೆಜ್ಜೆ ಎಲ್ಲಿ ತಪ್ಪುತ್ತಿದೆ ಅನ್ನುವುದನ್ನು ಗುಳ್ಳೆಗಳು ಹೇಳುತ್ತವೆ. ಬೆರಳ ತುದಿಯಲ್ಲಿ ಗುಳ್ಳೆ ಬಂದರೆ ನೆಲವನ್ನು ಹಿಂದಕ್ಕೆ ಒದೆಯುತ್ತಿದ್ದೀರಿ, ಕಾಲನ್ನು ಸುಮ್ನೆ ಮೇಲಕ್ಕೆ ಎತ್ತಿದರೆ ಸಾಕು. ಮುಂಗಾಲಿನ ಉಬ್ಬಿನ ಕೆಳಗೆ ಬಂದರೆ ಪಾದ ಮುಂದೆ ಬಿದ್ದು ಬ್ರೇಕ್ ಹಾಕುತ್ತಿದೆ, ಇಲ್ಲವೇ ನೆಲದ ಮೇಲೆ ತಿರುಚಿಕೊಳ್ಳುತ್ತಿದೆ. ಗುಳ್ಳೆ ಒಣಗುವವರೆಗೆ ಶೂನಲ್ಲಿ ಓಡಿ, ಆಮೇಲೆ ಹೆಜ್ಜೆ ತಿದ್ದಿಕೊಳ್ಳಿ.

ಎಲ್ಲಿ ಓಡಬೇಕು ಅಂದರೆ ಎಲ್ಲರೂ ಹುಲ್ಲು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೆತ್ತನೆಯ ಹುಲ್ಲು ಕೆಟ್ಟ ಹೆಜ್ಜೆಯನ್ನು ಮುಚ್ಚಿಡುತ್ತದೆ, ಜೊತೆಗೆ ಗಾಜು, ನೆಗ್ಗಿಲು ಮುಳ್ಳು, ನಾಯಿ ಹೇಲನ್ನೂ ಮುಚ್ಚಿಡುತ್ತದೆ. ಕಲಿಯಲು ಗಟ್ಟಿಯಾದ, ನಯವಾದ, ಕಣ್ಣಿಗೆ ಕಾಣುವ ನೆಲವೇ ಸರಿ. ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನ ಒಳರಸ್ತೆ, ಶಾಲೆಯ ಸಿಮೆಂಟ್ ಅಂಗಳ, ಗುಡಿಸಿದ ಟೆರೇಸ್ ಇಂಥವು. ಸಿಂಥೆಟಿಕ್ ಟ್ರ್ಯಾಕ್ ನೋಡಲು ಚೆಂದ, ಆದರೆ ಹೊಸ ಅಂಗಾಲನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಪಣಂಬೂರು, ಮಲ್ಪೆಯ ಕಡೆಯವರಿಗೆ ನೀರಿನಂಚಿನ ಒದ್ದೆ ಮರಳು ಸಿಗುತ್ತದೆ, ಗಟ್ಟಿಯಾಗಿರುತ್ತದೆ. ಆದರೆ ದಡ ಒಂದು ಕಡೆ ವಾಲಿರುವುದರಿಂದ ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ ಓಡಿ. ಒಣ ಮರಳು ಬೇಡ, ಹಿಮ್ಮಡಿ ಹೂತು ಅಕಿಲಿಸ್ ಹುರಿ ಎಳೆಯುತ್ತದೆ.

ಕರಾವಳಿಯ ಮಾತು ಬಂದರೆ ಕಂಬಳದ ಓಟಗಾರರನ್ನು ಬಿಡಲಾಗದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಬೆರಗಾಯಿತು. ಅದು ಕೆಸರಿನಲ್ಲಿ, ಕೋಣಗಳ ಎಳೆತದ ಜೊತೆಗೆ ಓಡುವ ಬೇರೆಯದೇ ವಿದ್ಯೆ. ಅದನ್ನು ತೋರಿಸಿ "ಬರಿಗಾಲಲ್ಲಿ ಸ್ಪೀಡ್ ಬರುತ್ತೆ" ಅನ್ನುವುದು ಆ ವಿದ್ಯೆಗೂ ನ್ಯಾಯವಲ್ಲ, ಡಾಂಬರಿನ ಮೇಲೆ ಓಡುವ ನಮಗೂ ಉಪಯೋಗವಿಲ್ಲ.

ನಮ್ಮ ಹವೆಗೆ ತಕ್ಕ ಎಚ್ಚರಿಕೆಗಳೂ ಇವೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲೇರಿದ ಮೇಲೆ ಡಾಂಬರು ಚರ್ಮ ಸುಡುತ್ತದೆ, ಅಂಗೈ ಹಿಂಬದಿಯನ್ನು ರಸ್ತೆಗೆ ಐದು ಸೆಕೆಂಡ್ ಇಟ್ಟು ನೋಡಿ, ತಡೆಯಲಾಗದಿದ್ದರೆ ಶೂ ಹಾಕಿ. ಮಳೆಗಾಲದಲ್ಲಿ ನೆನೆದ ಚರ್ಮ ಬೇಗ ಹರಿಯುತ್ತದೆ. ನಿಂತ ನೀರಲ್ಲಿ ಇಲಿ ಜ್ವರದ ಭಯ, ಹೊಲಸು ಬಿದ್ದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳದ ಭಯ, ಅಂಥ ಕಡೆ ಬರಿಗಾಲು ಬೇಡವೇ ಬೇಡ. ಕತ್ತಲಲ್ಲೂ ಬೇಡ, ಹಾವಿರುವ ಊರಲ್ಲಂತೂ ಖಂಡಿತ ಬೇಡ. ಟಿಟಿ ಇಂಜೆಕ್ಷನ್ ತಗೊಂಡು 10 ವರ್ಷ ಆಗಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಓಡಿ ಬಂದ ಮೇಲೆ ಕಾಲು ತೊಳೆದು, ಬೆಳಕಲ್ಲಿ ಅಂಗಾಲು ನೋಡಿ, ಮುಳ್ಳಿದ್ದರೆ ತೆಗೆದು, ರಾತ್ರಿ ಹಿಮ್ಮಡಿಗೆ ಹರಳೆಣ್ಣೆ ಹಚ್ಚಿ. ಒಡೆದ ಹಿಮ್ಮಡಿಯಲ್ಲಿ ಓಡಿದರೆ ಬಿರುಕು ಆಳವಾಗುತ್ತದೆ.

ನೋವುಗಳನ್ನು ಬೇರೆ ಬೇರೆ ಮಾಡಿ ನೋಡಲು ಕಲಿಯಿರಿ. ಮೀನಖಂಡ ಪೂರ್ತಿ ಹಿಡಿದುಕೊಂಡಿದ್ದರೆ ಅದು ಮಾಮೂಲಿ, ಎರಡು ದಿನ ಬಿಟ್ಟರೆ ಹೋಗುತ್ತದೆ. ಬೆಳಗ್ಗೆ ಎದ್ದಾಗ ಅಕಿಲಿಸ್ ಸೆಟೆದುಕೊಂಡಿದ್ದರೆ ದೂರ ಅರ್ಧಕ್ಕಿಳಿಸಿ. ಪಾದದ ಮೇಲೆ ಒಂದೇ ಜಾಗ, ಬೆರಳಲ್ಲಿ ಒತ್ತಿದರೆ ಚುಚ್ಚಿದಂತೆ ನೋವು, ನಡೆದರೂ ನೋವು ಅಂದರೆ ಓಟ ಅವತ್ತೇ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಅದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಬೀಳುವ ಹೊರೆಯಿಂದ ಮೂಳೆಯಲ್ಲಿ ಬಿಟ್ಟ ಸಣ್ಣ ಬಿರುಕು ಆಗಿರಬಹುದು, ಎಕ್ಸ್‌ರೇಯಲ್ಲಿ ಮೊದಮೊದಲು ಕಾಣದೆಯೂ ಇರಬಹುದು.

ಈಗ ಶೂ. ಮಾಮೂಲಿ ಓಟದ ಶೂಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿಲಿಮೀಟರ್ ಎತ್ತರ ಇರುತ್ತದೆ. ನಿಮಗೆ ಬೇಕಾದ್ದು ಈ ವ್ಯತ್ಯಾಸ ಸೊನ್ನೆ ಇರುವ, ಎರಡು ಕೈಯಲ್ಲಿ ಹಿಡಿದು ಸುರುಳಿ ಸುತ್ತಬಹುದಾದ, ಬೆರಳುಗಳ ಕಡೆ ಅಗಲವಾದ ಶೂ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಆಗ ಅಳತೆ ನೋಡಿ. ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಕೂಡ ಚಪ್ಪಟೆಯೇ, ಅಗ್ಗವೂ ಹೌದು, ಮುಂದೆ ಇಕ್ಕಟ್ಟಾಗದಿದ್ದರೆ ಧಾರಾಳವಾಗಿ ಬಳಸಿ. ಮೆಕ್ಸಿಕೋದ ರಾರಾಮುರಿ ಜನ ಹಳೆ ಟಯರ್ ರಬ್ಬರಿನ ಚಪ್ಪಲಿ ಕಟ್ಟಿಕೊಂಡು ಬೆಟ್ಟಗುಡ್ಡಗಳಲ್ಲಿ ಬಹುದೂರ ಓಡುತ್ತಾರೆ. ಆದರೆ ಅದನ್ನು ನೋಡಿ ಹವಾಯಿ ಚಪ್ಪಲಿಯಲ್ಲಿ ಓಡಬೇಡಿ. ಅವರ ಚಪ್ಪಲಿಯ ಪಟ್ಟಿ ಕಣಕಾಲಿಗೆ ಕಟ್ಟಿರುತ್ತದೆ, ಹವಾಯಿಯನ್ನು ಬೆರಳಲ್ಲಿ ಬಿಗಿ ಹಿಡಿಯಬೇಕಾಗುತ್ತದೆ.

ಶೂ ಹಾಕಿದರೆ ಸೋತಂತೆ ಅಂದುಕೊಳ್ಳಬೇಡಿ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದದ್ದು ಎಲ್ಲರಿಗೂ ಗೊತ್ತು. 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಮತ್ತೆ ಗೆದ್ದರು.

ರೇಸಿನಲ್ಲಿ ಬರಿಗಾಲಲ್ಲಿ ಓಡುವ ಆಸೆ ಇದ್ದರೆ, ಅಷ್ಟು ದೂರವನ್ನು ಅಂಥದ್ದೇ ರಸ್ತೆಯಲ್ಲಿ ಮೊದಲೇ ಹಲವು ಸಲ ಓಡಿರಬೇಕು. ಶುರುವಾಗುವ ಜಾಗದಲ್ಲಿ ಹಿಂದೆ ನಿಲ್ಲಿ, ಗುಂಪಿನಲ್ಲಿ ಬೇರೆಯವರ ಶೂ ನಿಮ್ಮ ಬೆರಳು ತುಳಿಯುತ್ತದೆ. ನಂಬರ್ ಚೀಟಿಯ ಪಿನ್ನುಗಳು ಅಲ್ಲೇ ಬಿದ್ದಿರುತ್ತವೆ, ನೋಡಿಕೊಂಡು ಹೆಜ್ಜೆ ಇಡಿ. ನೀರು ಕೊಡುವ ಕಡೆ ರಸ್ತೆ ಒದ್ದೆಯಾಗಿ ಜಾರುತ್ತದೆ, ಅಲ್ಲಿ ನಡೆಯಿರಿ. ತೆಳು ಶೂ ಒಂದು ಜೊತೆ ಸೊಂಟದ ಚೀಲದಲ್ಲಿರಲಿ, ಅಂಗಾಲು ಉರಿಯಲು ಶುರುವಾದ ಕೂಡಲೇ ಪಕ್ಕಕ್ಕೆ ಬಂದು ಹಾಕಿಕೊಂಡು ಮುಂದುವರಿಯಿರಿ.