ಜಡೆ ಟೋಪಿಗೆ 120 ಸ್ಟಿಚ್: ನಾನು ಹೆಣೆದ ಬಗೆ

ವರ್ಸ್ಟೆಡ್ ಅನ್ನುವ ಮಧ್ಯಮ ದಪ್ಪದ ನೂಲಿನಲ್ಲಿ ಒಂದು ಟೋಪಿಯ ಸುತ್ತಿಗೆ 120 ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ) ಅಂದರೆ ಹೆಣಿಗೆ ಬಲ್ಲವರು ಹುಬ್ಬೇರಿಸುತ್ತಾರೆ. ಅದೇ ನೂಲು, ಅದೇ 5 ಮಿ.ಮೀ. ಕಡ್ಡಿ, ಸಾದಾ ಟೋಪಿಯಾದರೆ 90 ಸಾಕು. ಉಳಿದ 30 ಎಲ್ಲಿ ಹೋದವು? ಕೇಬಲ್, ಅಂದರೆ ಸ್ಟಿಚ್‌ಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವ ಜಡೆ, ತಿಂದುಹಾಕಿತು. ಮೂರು ಸ್ಟಿಚ್ ಇನ್ನು ಮೂರರ ಮೇಲೆ ಹತ್ತಿ ಕೂತಾಗ ಆರು ಸ್ಟಿಚ್‌ನ ಅಗಲ ಎಳೆದುಕೊಂಡು ಸಣ್ಣದಾಗುತ್ತದೆ. ಬಟ್ಟೆ ಅಲ್ಲಿ ಎರಡು ಪದರ ಆಗುತ್ತದೆ. ಕೇಬಲ್ ಟೋಪಿ ಬೆಚ್ಚಗಿರುವುದಕ್ಕೂ ಇದೇ ಕಾರಣ, ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಗೇ ನೂಲು ಜಾಸ್ತಿ ಹಿಡಿಯುವುದಕ್ಕೂ ಇದೇ ಕಾರಣ.

ಕೇಬಲ್ ಹಾಕುವ ಕೈಚಳಕ ಒಂದು ಸಂಜೆಯಲ್ಲಿ ಬಂದುಬಿಡುತ್ತದೆ. ಟೋಪಿ ತಲೆಗೆ ಕೂರುತ್ತದೋ ಇಲ್ಲವೋ ಅನ್ನುವುದು ಮಾತ್ರ ಈ ಲೆಕ್ಕದ ಮೇಲೆ ನಿಂತಿದೆ. ಅದಕ್ಕೇ ನಾನು ಲೆಕ್ಕದಿಂದಲೇ ಶುರು ಮಾಡಿದೆ.

ಟೋಪಿ ನನ್ನ ತಮ್ಮನಿಗೆ. ತಲೆಯ ಸುತ್ತಳತೆ 56 ಸೆಂ.ಮೀ. ಟೋಪಿಯನ್ನು ತಲೆಯಷ್ಟೇ ಅಗಲ ಹೆಣೆದರೆ ಎರಡು ದಿನ ಹಾಕುವಷ್ಟರಲ್ಲಿ ಹಿಗ್ಗಿ ಕಣ್ಣಿನ ಮೇಲೆ ಬರುತ್ತದೆ. ಹಿಡಿದುಕೊಂಡು ಕೂರಬೇಕಾದರೆ ಐದಾರು ಸೆಂ.ಮೀ. ಕಡಿಮೆ ಇರಬೇಕು. ಹಾಗಾಗಿ ನನ್ನ ಗುರಿ 50 ಸೆಂ.ಮೀ.

ನೂಲಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೇಬಲ್‌ಗೆ ಉಣ್ಣೆಯೇ ಬೇಕು. ಅದಕ್ಕೆ ಸ್ಪ್ರಿಂಗ್ ಗುಣ ಇದೆ, ಎಳೆದರೆ ಹಿಗ್ಗಿ ಮತ್ತೆ ವಾಪಸ್ ಬರುತ್ತದೆ. ಹತ್ತಿ ನೂಲಿಗೆ ಆ ಗುಣ ಇಲ್ಲ. ರಿಬ್, ಅಂದರೆ ಅಂಚಿನ ಹಿಗ್ಗುವ ಪಟ್ಟಿ, ಬೇಗ ಜೋಲುತ್ತದೆ, ಸ್ಟಿಚ್‌ಗಳನ್ನು ದಾಟಿಸುವಾಗ ಬೆರಳು ನೋಯುತ್ತದೆ. ಮೂರು ಎಳೆ ಸೇರಿಸಿ ಹುರಿ ಮಾಡಿದ ದುಂಡನೆಯ ನೂಲಿನಲ್ಲಿ ಕೇಬಲ್ ಉಬ್ಬಿ ನಿಲ್ಲುತ್ತದೆ. ಬಣ್ಣ ತಿಳಿಯಾಗಿದ್ದಷ್ಟೂ ಒಳ್ಳೆಯದು. ಕಪ್ಪು, ಕಡು ನೀಲಿಯಲ್ಲಿ ನೆರಳು ಬೀಳುವುದೇ ಕಾಣುವುದಿಲ್ಲ, ಅಷ್ಟು ಕಷ್ಟಪಟ್ಟು ಹಾಕಿದ ಜಡೆ ಮಾಯ. ಬಣ್ಣ ಬಣ್ಣದ ಚುಕ್ಕೆಯ ನೂಲು, ತುಪ್ಪಳದಂಥ ಮೊಹೇರ್ ಕೂಡ ಹಾಗೇ. ನಾನು ಆರಿಸಿದ್ದು ಓಟ್ಸ್ ಬಣ್ಣದ ಮೆರಿನೊ, 100 ಗ್ರಾಂಗೆ 200 ಮೀಟರ್. ಒಂದೇ ಉಂಡೆ ಸಾಕಾಯಿತು.

ಈಗ ಸ್ಯಾಂಪಲ್, ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ತುಂಡು. ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ, ಅಲ್ವಾ? ಇನ್ನು ಕೆಲವರು ಸಾದಾ ಹೆಣಿಗೆಯಲ್ಲಿ ಸ್ಯಾಂಪಲ್ ಮಾಡುತ್ತಾರೆ. ಅದರಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಕೇಬಲ್ ಟೋಪಿಗೆ ಸ್ಯಾಂಪಲ್ ಅದೇ ಕೇಬಲ್‌ನಲ್ಲಿರಬೇಕು, ಅದೂ ಸುತ್ತು ಹೆಣಿಗೆಯಂತೆ ಬಲಮಗ್ಗುಲಿನಿಂದಲೇ (ಹೊರಗೆ ಕಾಣುವ ಮಗ್ಗುಲು) ಹೆಣೆದಿರಬೇಕು. ಯಾಕೆಂದರೆ ತುಂಬಾ ಜನರ ಕೈಯಲ್ಲಿ ಉಲ್ಟಾ ಸ್ಟಿಚ್ (ಗಂಟಿನಂತೆ ಕಾಣುವುದು) ಸೀದಾಕ್ಕಿಂತ (V ಆಕಾರದಲ್ಲಿ ಕಾಣುವುದು) ಸಡಿಲ ಬರುತ್ತದೆ. ತಿರುಗಿಸಿ ತಿರುಗಿಸಿ ಹೆಣೆದ ತುಂಡಿನ ಅಳತೆ ಸುತ್ತು ಹೆಣಿಗೆಗೆ ಹೊಂದುವುದಿಲ್ಲ. ನಾನು ವೃತ್ತಾಕಾರದ ಕಡ್ಡಿಯಲ್ಲಿ ಒಂದು ಸಾಲು ಮುಗಿಸುತ್ತೇನೆ, ತುಂಡನ್ನು ತಿರುಗಿಸದೆ ಇನ್ನೊಂದು ತುದಿಗೆ ಜಾರಿಸುತ್ತೇನೆ, ನೂಲನ್ನು ಹಿಂದಿನಿಂದ ಸಡಿಲವಾಗಿ ತಂದು ಮತ್ತೆ ಬಲಮಗ್ಗುಲಿನಿಂದಲೇ ಶುರು ಮಾಡುತ್ತೇನೆ. ಹಿಂದೆ ಉದ್ದುದ್ದ ದಾರ ಜೋಲುತ್ತಿರುತ್ತದೆ, ಇರಲಿ ಬಿಡಿ.

ನನ್ನ ಡಿಸೈನ್ 12 ಸ್ಟಿಚ್‌ನದು: ಮೂರು ಉಲ್ಟಾ, ಆಮೇಲೆ ಒಂಬತ್ತು ಸೀದಾ. ಆ ಒಂಬತ್ತರಲ್ಲಿ ಮೂರು ಎಳೆಯ ಜಡೆ. ಸ್ಯಾಂಪಲ್‌ನಲ್ಲಿ ಇಂಥ ಎರಡು ಪಟ್ಟಿ ಹೆಣೆದು, ನೆನೆಸಿ, ಒಣಗಿಸಿ ಅಳೆದರೆ 24 ಸ್ಟಿಚ್‌ಗೆ 10 ಸೆಂ.ಮೀ. ಬಂತು. ಹತ್ತು ಪಟ್ಟಿಗೆ 50 ಸೆಂ.ಮೀ., ಒಟ್ಟು 120 ಸ್ಟಿಚ್. ತೊಳೆಯದೆ ಅಳೆಯಬೇಡಿ. ಮೆಷಿನ್‌ನಲ್ಲಿ ತೊಳೆಯಲು ಆಗುವಂತೆ ಮಾಡಿದ ಸೂಪರ್‌ವಾಶ್ ಉಣ್ಣೆಯಂತೂ ನೀರು ಕಂಡರೆ ಚೆನ್ನಾಗಿ ಹಿಗ್ಗುತ್ತದೆ.

ಆದರೆ ಕೆಳಗಿನ ರಿಬ್‌ಗೆ 120 ಬೇಡ. ರಿಬ್‌ನಲ್ಲಿ ಕೇಬಲ್ ಇಲ್ಲ, ಅಷ್ಟು ಸ್ಟಿಚ್ ಇಟ್ಟರೆ ಅಂಚು ಫ್ರಿಲ್‌ನಂತೆ ಅರಳಿಕೊಳ್ಳುತ್ತದೆ. 4 ಮಿ.ಮೀ.ನ 40 ಸೆಂ.ಮೀ. ಉದ್ದದ ಕಡ್ಡಿಯಲ್ಲಿ 100 ಸ್ಟಿಚ್ ಹಾಕಿಕೊಂಡೆ. ಒಂದು ಸೀದಾ, ಒಂದು ಉಲ್ಟಾ. ಸೀದಾವನ್ನು ಸ್ಟಿಚ್‌ನ ಹಿಂಭಾಗದಿಂದ ಹೆಣೆದರೆ ಅದು ತಿರುಚಿಕೊಂಡು ರಿಬ್ ಬಿಗಿಯಾಗಿ, ಗೆರೆ ಎಳೆದಂತೆ ಕಾಣುತ್ತದೆ. 5 ಸೆಂ.ಮೀ. ಆದ ಮೇಲೆ ಒಂದು ಸುತ್ತಿನಲ್ಲಿ ಪ್ರತಿ ಐದು ಸ್ಟಿಚ್‌ಗೆ ಒಂದು ಹೆಚ್ಚಿಸಿದೆ. ಅಲ್ಲಿಗೆ 120. ಮುಂದಿನ ಸುತ್ತಿನಿಂದ 5 ಮಿ.ಮೀ. ಕಡ್ಡಿ.

ಜಡೆ ಹಾಕುವ ಕ್ರಮ ಇಷ್ಟೇ. ಒಂಬತ್ತು ಸೀದಾ ಸ್ಟಿಚ್‌ಗಳನ್ನು ಮೂರು ಮೂರರ ಮೂರು ಎಳೆ ಅಂದುಕೊಳ್ಳಿ. ಒಂದು ತಿರುವಿನಲ್ಲಿ ಮೊದಲ ಎಳೆಯನ್ನು ಕೇಬಲ್ ಕಡ್ಡಿಗೆ (ಸ್ಟಿಚ್ ಹಿಡಿದಿಡುವ ಸಣ್ಣ ಕಡ್ಡಿ) ತೆಗೆದು ಕೆಲಸದ ಮುಂದೆ ಹಿಡಿಯಬೇಕು. ಎರಡನೆಯ ಎಳೆಯನ್ನು ಹೆಣೆದು, ಕೇಬಲ್ ಕಡ್ಡಿಯಲ್ಲಿರುವುದನ್ನು ಹೆಣೆದು, ಮೂರನೆಯದನ್ನು ಹಾಗೇ ಸೀದಾ ಹೆಣೆಯಬೇಕು. ಮಧ್ಯೆ ಮೂರು ಸಾದಾ ಸುತ್ತು. ಮುಂದಿನ ತಿರುವಿನಲ್ಲಿ ಮೊದಲ ಎಳೆ ಹಾಗೇ ಸೀದಾ. ಮಧ್ಯದ ಎಳೆಯನ್ನು ಕೇಬಲ್ ಕಡ್ಡಿಗೆ ತೆಗೆದು ಕೆಲಸದ ಹಿಂದೆ ಹಿಡಿದು, ಮೂರನೆಯದನ್ನು ಹೆಣೆದು, ಆಮೇಲೆ ಹಿಂದಿರುವುದನ್ನು ಹೆಣೆಯಬೇಕು. ಮತ್ತೆ ಮೂರು ಸಾದಾ ಸುತ್ತು. ಅಂದರೆ ನಾಲ್ಕು ಸುತ್ತಿಗೊಮ್ಮೆ ತಿರುವು, ಎಂಟು ಸುತ್ತಿಗೆ ಡಿಸೈನ್ ಪೂರ್ತಿ. ಮುಂದೆ ಹಿಡಿದರೆ ಮೇಲಿನ ಎಳೆ ಎಡಕ್ಕೆ ವಾಲುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ಎರಡೂ ಅಂಚಿನ ಎಳೆಗಳು ಸರದಿಯಂತೆ ಮಧ್ಯಕ್ಕೆ ಬಂದು ಕೂರುತ್ತವೆ. ತಲೆಗೂದಲ ಜಡೆ ಹೆಣೆಯುವುದೂ ಹೀಗೇ ತಾನೆ?

ಒಂದು ತಿರುವಿನ ಸುತ್ತಿನಲ್ಲಿ ಹತ್ತು ಸಲ ಕೇಬಲ್ ಕಡ್ಡಿ ತೆಗೆದು ಇಟ್ಟು ಮಾಡುವುದು ಬೇಜಾರು. ನಾನು ಅದನ್ನು ಬಿಟ್ಟು ಬಹಳ ಕಾಲ ಆಯಿತು. ಮುಂದೆ ಹಿಡಿಯುವ ತಿರುವಿಗೆ ಬಲಗೈ ಕಡ್ಡಿಯನ್ನು ಹಿಂದಿನಿಂದ ತಂದು ಎರಡನೆಯ ಎಳೆಯ ಮೂರು ಸ್ಟಿಚ್‌ಗೆ ತೂರಿಸುತ್ತೇನೆ. ಜಡೆಯ ಬುಡವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಗಟ್ಟಿಯಾಗಿ ಹಿಡಿದು ಎಡಗೈ ಕಡ್ಡಿಯಿಂದ ಆರನ್ನೂ ಜಾರಿಸುತ್ತೇನೆ. ಮುಂದೆ ಮೂರು ಸ್ಟಿಚ್ ಗಾಳಿಯಲ್ಲಿ ನಿಂತಿರುತ್ತವೆ. ಅವನ್ನು ಎಡಗೈ ಕಡ್ಡಿಗೆ ಎತ್ತಿಕೊಂಡು, ಬಲಗೈಯಲ್ಲಿರುವ ಮೂರನ್ನೂ ಅದಕ್ಕೇ ವಾಪಸ್ ಕೊಟ್ಟರೆ ಜಾಗ ಅದಲುಬದಲಾಗಿರುತ್ತದೆ. ಆಮೇಲೆ ಸುಮ್ನೆ ಆರು ಸೀದಾ. ಉಣ್ಣೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಆ ಮೂರು ಸ್ಟಿಚ್ ಓಡಿಹೋಗುವುದಿಲ್ಲ. ರೇಷ್ಮೆ ಬೆರೆಸಿದ ನೂಲು ಅಥವಾ ನುಣುಪು ಅಕ್ರಿಲಿಕ್ ಆದರೆ ಈ ಸಾಹಸ ಬೇಡ. ಲೋಹದ ಕಡ್ಡಿಗಿಂತ ಬಿದಿರಿನ ಕಡ್ಡಿ ಇದಕ್ಕೆ ಹೆಚ್ಚು ಅನುಕೂಲ.

ಸುತ್ತು ಎಣಿಸಲು ನಾನು ಕಾಗದದಲ್ಲಿ ಗೀಟು ಹಾಕುವುದಿಲ್ಲ. ಯಾರಾದರೂ ಕರೆದರು, ಫೋನ್ ಬಂತು, ಗೀಟು ಹಾಕಿದೆನೋ ಇಲ್ಲವೋ ಮರೆತೇ ಹೋಯಿತು. ಹೆಣೆದಿರುವ ಬಟ್ಟೆಯೇ ಲೆಕ್ಕ ಇಟ್ಟುಕೊಂಡಿರುತ್ತದೆ, ಅದನ್ನು ಓದಲು ಕಲಿತರೆ ಆಯಿತು. ತಿರುವು ಹಾಕಿದ ಜಾಗದಲ್ಲಿ ಎರಡು ಎಳೆಗಳ ನಡುವೆ ಒಂದು ಸಣ್ಣ ಕಂಡಿ ಇರುತ್ತದೆ. ಹಿಂದಿನಿಂದ ಅದರೊಳಗೆ ಬೆರಳ ತುದಿ ತೂರಿಸಿ ಬಟ್ಟೆಯನ್ನು ಸ್ವಲ್ಪ ಅಗಲಿಸಿದರೆ ಮೇಲಕ್ಕೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ದಾರಗಳು ಕಾಣುತ್ತವೆ. ಒಂದೊಂದು ಅಡ್ಡ ದಾರ ಒಂದೊಂದು ಸುತ್ತು. ತಿರುವಿನ ಸುತ್ತೂ ಅದರಲ್ಲಿ ಸೇರಿರುತ್ತದೆ, ಹಾಗಾಗಿ ನಾಲ್ಕು ಕಂಡರೆ ಮುಂದಿನದು ತಿರುವು. ಯಾವ ಕಡೆಗೆ ಅನ್ನುವುದಕ್ಕೂ ಕಾಗದ ಬೇಡ. ಹೋದ ಸಲ ಬಲ ಅಂಚಿನ ಎಳೆ ಮೇಲೆ ಬಂದಿದ್ದರೆ ಈ ಸಲ ಎಡ ಅಂಚಿನದು.

ಹತ್ತರಲ್ಲಿ ಒಂದು ಜಡೆ ತಪ್ಪು ಕಡೆಗೆ ತಿರುಗಿರುವುದು ಎಂಟು ಸುತ್ತು ಆದ ಮೇಲೆ ಕಣ್ಣಿಗೆ ಬೀಳುವುದು ಉಂಟು. ಇಡೀ ಟೋಪಿ ಬಿಚ್ಚುವ ಅಗತ್ಯ ಇಲ್ಲ. ತಪ್ಪಿದ ಆರು ಸ್ಟಿಚ್ ಮಾತ್ರ ಕಡ್ಡಿಯಿಂದ ಇಳಿಸಿ ಆ ತಿರುವಿನವರೆಗೆ ಬಿಚ್ಚಬೇಕು. ಸರಿಯಾದ ಕಡೆಗೆ ದಾಟಿಸಿ, ಜೋಲುತ್ತಿರುವ ದಾರಗಳನ್ನು ಒಂದೊಂದಾಗಿ ಕೆಳಗಿನಿಂದ ಮೇಲಕ್ಕೆ, ಎರಡು ಸಣ್ಣ ಕಡ್ಡಿ ಹಿಡಿದು ಹೆಣೆಯುತ್ತಾ ಬರಬೇಕು. ನಡುವೆ ಇನ್ನೊಂದು ತಿರುವು ಇದ್ದರೆ ಇಡೀ ಒಂಬತ್ತನ್ನೂ ಇಳಿಸಬೇಕು. ನೋಡಲು ಭಯ, ಮಾಡಲು ಸಲೀಸು.

ಹೀಗೆ ಎಂಟು ಸುತ್ತಿನ ಡಿಸೈನ್ ಮೂರು ಸಲ ಆದಾಗ ರಿಬ್ ಸೇರಿ 14 ಸೆಂ.ಮೀ. ಆಗಿತ್ತು. ಇನ್ನು ನೆತ್ತಿ.

ಕೇಬಲ್ ಟೋಪಿಯ ಚೆಂದ ಇರುವುದು ಇಲ್ಲೇ, ಕೆಡುವುದೂ ಇಲ್ಲೇ. ಬಹಳಷ್ಟು ಪ್ಯಾಟರ್ನ್‌ಗಳಲ್ಲಿ ಜಡೆಯನ್ನು ಒಂದು ಕಡೆ ನಿಲ್ಲಿಸಿ, ಮೇಲೆ ಎಲ್ಲವನ್ನೂ ಎರಡೆರಡು ಕೂಡಿಸಿ ಮುಗಿಸಿಬಿಡುತ್ತಾರೆ. ಜಡೆ ಕತ್ತರಿಸಿದಂತೆ ಕಾಣುತ್ತದೆ, ನೆತ್ತಿಯಲ್ಲಿ ಬಟ್ಟೆ ಗಂಟಾಗಿ ನಿಲ್ಲುತ್ತದೆ. ನನಗೆ ಹತ್ತೂ ಜಡೆಗಳು ಸಣ್ಣಗಾಗುತ್ತಾ ನಡುವಿನವರೆಗೆ ಹೋಗಬೇಕು. ಅದಕ್ಕೆ ಯಾವ ಸ್ಟಿಚ್ ಮೊದಲು ಹೋಗಬೇಕು, ಯಾವುದು ಕೊನೆಗೆ ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಮೊದಲು ಹೋಗುವುದು ಉಲ್ಟಾ ಸ್ಟಿಚ್. ಅವು ಜಡೆಗಳ ನಡುವಿನ ತಗ್ಗಿನಲ್ಲಿರುತ್ತವೆ, ಅಲ್ಲಿ ಎರಡನ್ನು ಕೂಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ತಿರುವಿನ ಸುತ್ತಿನಲ್ಲಿ ಮೂರು ಉಲ್ಟಾವನ್ನು ಎರಡು ಮಾಡಿದೆ: 110. ಮೂರು ಸಾದಾ ಸುತ್ತು ಬಿಟ್ಟು ಮುಂದಿನ ತಿರುವಿನಲ್ಲಿ ಎರಡನ್ನು ಒಂದು ಮಾಡಿದೆ: 100. ಇಲ್ಲಿಯವರೆಗೆ ಜಡೆಗೆ ಕೈಹಾಕಿಲ್ಲ, ತಗ್ಗು ಮಾತ್ರ ಕಿರಿದಾಗಿದೆ.

ಈಗ ಎಳೆಗಳ ಸರದಿ. ತಿರುವು ಹಾಕುವ ಸುತ್ತಿನಲ್ಲೇ ಎರಡನ್ನು ಕೂಡಿಸಲು ಹೋದರೆ ಸ್ಟಿಚ್ ಬಿಗಿಯಾಗಿ ಕಡ್ಡಿ ಹೋಗುವುದೇ ಇಲ್ಲ. ಹಾಗಾಗಿ ತಿರುವಿನ ಹಿಂದಿನ ಸುತ್ತಿನಲ್ಲಿ ಪ್ರತಿ ಎಳೆಯಲ್ಲಿ ಒಂದು ಸೀದಾ, ಆಮೇಲೆ ಎರಡು ಕೂಡಿಸಿ ಸೀದಾ. ಮೂರು ಸ್ಟಿಚ್‌ನ ಎಳೆ ಎರಡಾಯಿತು, ಒಟ್ಟು 70. ಮುಂದಿನ ಸುತ್ತಿನಲ್ಲಿ ಎರಡರ ಮೇಲೆ ಎರಡು ದಾಟಿಸಿದೆ. ಎಳೆ ತೆಳುವಾದ ಮೇಲೆ ತಿರುವುಗಳ ಅಂತರವೂ ಕಡಿಮೆ ಆಗಬೇಕು, ಇಲ್ಲದಿದ್ದರೆ ಜಡೆ ಸಡಿಲವಾಗಿ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಹಾಗಾಗಿ ಮೂರರ ಬದಲು ಎರಡೇ ಸಾದಾ ಸುತ್ತು, ಆಮೇಲೆ ಇನ್ನೊಂದು ಅಂಚಿನ ತಿರುವು. ಇದು ಯಾವ ಪ್ಯಾಟರ್ನ್‌ನಿಂದ ತೆಗೆದದ್ದೂ ಅಲ್ಲ, ಕಣ್ಣಿಗೆ ಸರಿ ಕಂಡಿದ್ದು.

ಒಂದು ಸಾದಾ ಸುತ್ತು ಹೆಣೆದು, ಮುಂದಿನದರಲ್ಲಿ ಪ್ರತಿ ಎಳೆಯ ಎರಡನ್ನೂ ಕೂಡಿಸಿದೆ. ಈಗ ಜಡೆಗೆ ಮೂರು ಸ್ಟಿಚ್, ಪಕ್ಕದಲ್ಲಿ ಒಂದು ಉಲ್ಟಾ, ಒಟ್ಟು 40. ಇನ್ನೊಂದು ಸಾದಾ ಸುತ್ತು. ಆಮೇಲೆ ಉಲ್ಟಾವನ್ನು ಪಕ್ಕದ ಸೀದಾದ ಜೊತೆ ಕೂಡಿಸಿ 30, ಎರಡೆರಡು ಕೂಡಿಸಿ 15, ಮತ್ತೊಮ್ಮೆ ಕೂಡಿಸಿ 8. ಈ ಹೊತ್ತಿಗೆ 40 ಸೆಂ.ಮೀ. ಕಡ್ಡಿಗೆ ಸ್ಟಿಚ್‌ಗಳು ಎಟುಕುವುದಿಲ್ಲ. ಎರಡೂ ಕಡೆ ಮೊನೆಯಿರುವ ಸಣ್ಣ ಕಡ್ಡಿಗಳಿಗೆ ಬದಲಾಯಿಸಿಕೊಳ್ಳಬೇಕು. ನಾನು ಉದ್ದ ತಂತಿಯ ವೃತ್ತಾಕಾರದ ಕಡ್ಡಿ ತೆಗೆದುಕೊಂಡು, ಹೆಚ್ಚಿನ ತಂತಿಯನ್ನು ಕುಣಿಕೆಯಾಗಿ ಹೊರಗೆಳೆದು ಹೆಣೆಯುವ ಮ್ಯಾಜಿಕ್ ಲೂಪ್ ಮಾಡಿದೆ. ನೂಲು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಎಂಟೂ ಸ್ಟಿಚ್‌ಗಳ ಮೂಲಕ ಎರಡು ಸಲ ಎಳೆದು ಬಿಗಿದರೆ ನೆತ್ತಿ ಮುಚ್ಚಿತು. ಒಟ್ಟು ಎತ್ತರ 21 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಬಂತು, ಕಿವಿ ಮುಚ್ಚಲು ಅಷ್ಟು ಬೇಕು.

ಕಡ್ಡಿಯಿಂದ ಇಳಿದ ಕೂಡಲೇ ಕೇಬಲ್ ಟೋಪಿ ಮುದುಡಿಕೊಂಡು ಮಗುವಿನ ಕುಲಾವಿಯಷ್ಟು ಕಾಣುತ್ತದೆ. ಹೆದರಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಉಣ್ಣೆಗೆಂದೇ ಇರುವ ಸೋಪು ಒಂದಿಷ್ಟು ಹಾಕಿ 20 ನಿಮಿಷ ನೆನೆಸಿದೆ. ಹಿಂಡಿ ತಿರುಚಬಾರದು, ಉಜ್ಜಲೂಬಾರದು. ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ತಲೆಗಿಂತ ಸ್ವಲ್ಪ ಚಿಕ್ಕದಾಗಿ ಊದಿದ ಬಲೂನಿನ ಮೇಲೆ ಹಾಕಿ, ಲೋಟದ ಬಾಯಿಯ ಮೇಲೆ ಬಲೂನು ನಿಲ್ಲಿಸಿ, ಜಡೆಗಳನ್ನು ಬೆರಳಿನಿಂದ ನೇರ ಮಾಡಿಟ್ಟೆ. ರಿಬ್ ಭಾಗವನ್ನು ಬಲೂನಿನ ಕೆಳಗೆ, ಹಿಗ್ಗದಂತೆ ಬಿಟ್ಟೆ. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ. ಉಬ್ಬಿ ನಿಂತ ಕೇಬಲ್ ಒಂದೇ ಒತ್ತಿಗೆ ಚಪ್ಪಟೆ.

ನೆತ್ತಿಗೆ ಪಾಂಪಾಮ್ (ನೂಲಿನ ಗೊಂಡೆ) ಬೇಕು ಅಂದ ತಮ್ಮ. ನನಗೆ ಇಷ್ಟ ಇರಲಿಲ್ಲ, ಅಷ್ಟು ಕಷ್ಟಪಟ್ಟು ಕೂಡಿಸಿದ ನೆತ್ತಿ ಮುಚ್ಚಿಹೋಗುತ್ತದೆ. ಉಳಿದ ನೂಲಿನಲ್ಲಿ ಮಾಡಿಕೊಟ್ಟೆ, ಆದರೆ ಹೊಲಿಯಲಿಲ್ಲ. ಟೋಪಿಯ ಮೇಲೊಂದು, ಪಾಂಪಾಮ್‌ನ ಅಡಿಗೊಂದು ಟಿಚ್ ಬಟನ್ ಹಾಕಿದೆ. ತೊಳೆಯುವಾಗ ತೆಗೆದಿಡಬಹುದು. ನಾನು ನೋಡುವಾಗಲೂ.